ಕೈ ಆಡುವ ಕ್ರಮದಲ್ಲೇ ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಹಿಂಗಾರಿ ಬಿತ್ತನೆ ಹತ್ತಿರ ಬಂತೆಂದರೆ ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಕರಪತ್ರಗಳು ಓಡಾಡಲು ಶುರುವಾಗುತ್ತವೆ. ಬೀಜೋಪಚಾರ ಮಾಡುವುದು ಹೇಗೆ, ಮಣ್ಣಿನ ಮಾದರಿ ತೆಗೆಯುವುದು ಹೇಗೆ, ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವುದು ಹೇಗೆ ಅಂತ. ಇವತ್ತು ನನ್ನ ಮಾತು ಅವನ್ನು ಓದುವ ರೈತರಿಗಲ್ಲ, ಬರೆಯುವ ನಿಮಗೆ. ಸೊಸೈಟಿಯ ಕಾರ್ಯದರ್ಶಿಗಳು, ಗೊಬ್ಬರದ ಅಂಗಡಿಯವರು, ರೈತ ಸಂಪರ್ಕ ಕೇಂದ್ರದಲ್ಲಿ ಕೆಲಸ ಮಾಡುವವರು, ಸ್ವಸಹಾಯ ಸಂಘದ ಅಕ್ಕಂದಿರು, ಅಂಗನವಾಡಿ ಕಾರ್ಯಕರ್ತೆಯರು, ನೀವೆಲ್ಲ ಇಂಥ ಒಂದು ಹಾಳೆಯನ್ನಾದರೂ ಬರೆದಿರುತ್ತೀರಿ. ಹಾಳೆ ಇಲ್ಲದಿದ್ದರೆ ವಾಟ್ಸಾಪಿನಲ್ಲಾದರೂ ಕಳಿಸಿರುತ್ತೀರಿ.

ನಾನು ಹೇಳುವುದು ಒಂದೇ ಮಾತು. ಮಾಡುವವರ ಕೈ ಯಾವ ಕ್ರಮದಲ್ಲಿ ಆಡುತ್ತದೋ ಅದೇ ಕ್ರಮದಲ್ಲಿ ಬರೆಯಿರಿ. ಮೊದಲು ಮಾಡುವುದು ಮೊದಲ ಸಾಲಿನಲ್ಲಿ, ಆಮೇಲೆ ಮಾಡುವುದು ಆಮೇಲಿನ ಸಾಲಿನಲ್ಲಿ. 'ಇದೇನು ಹೊಸದು ಹೇಳಾಕ ಹತ್ತಿದ್ರಿ, ಇದು ಯಾರಿಗೆ ಗೊತ್ತಿಲ್ಲ?' ಎಂದು ನೀವು ಕೇಳಬಹುದು. ಎಲ್ಲರಿಗೂ ಗೊತ್ತು. ಆದರೆ ನನ್ನ ಕೈಗೆ ಬರುವ ಹಾಳೆಗಳಲ್ಲಿ ಹಾಗೆ ಬರೆದದ್ದು ಬಹಳ ಕಡಿಮೆ.

ಗದಗಿನಿಂದ ಸ್ವಲ್ಪ ದೂರದ ಒಂದು ಹಳ್ಳಿಯ ಸಂಗತಿ ಹೇಳುತ್ತೇನೆ. ಒಳ್ಳೆಯ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು, ಹಿಂಗಾರಿಗೆ ಕಡಲೆ ಹಾಕಿದ್ದರು. ಬಿತ್ತಿ ಒಂದು ತಿಂಗಳ ಮೇಲಾಗಿತ್ತು. ಬೆಳೆ ಬಿಳಿಚಿಕೊಂಡಿದೆ, ಬಂದು ನೋಡಿರಿ ಎಂದು ಕರೆದರು, ಹೋದೆ. ಒಂದೆರಡು ಗಿಡ ಬೇರುಸಹಿತ ಅಗೆದು ನೋಡಿದರೆ ಬೇರಿನ ಮೇಲೆ ಅಲ್ಲೊಂದು ಇಲ್ಲೊಂದು ಗಂಟು, ಅಷ್ಟೇ. ಬದುವಿನ ಆಚೆ ಪಕ್ಕದ ಹೊಲದವರದೂ ಅದೇ ಕಡಲೆ. ಅವರ ಗಿಡದ ಬೇರು ತುಂಬ ಗಂಟು. ಒಂದು ಗಂಟನ್ನು ಉಗುರಿನಿಂದ ಸೀಳಿದೆ, ಒಳಗೆ ನಸುಗೆಂಪು. ಗಂಟು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಎನ್ನುವುದಕ್ಕೆ ಆ ಬಣ್ಣವೇ ಗುರುತು. ಗಂಟು ಕಟ್ಟುವುದು ರೈಜೋಬಿಯಂ ಎಂಬ ಸೂಕ್ಷ್ಮಜೀವಿ. ಬೀಜಕ್ಕೆ ಹಚ್ಚುತ್ತೇವಲ್ಲ, ಅದೇ.

'ನೀವು ರೈಜೋಬಿಯಂ ಹಚ್ಚಲಿಲ್ಲೇನು?' ಅಂತ ಕೇಳಿದೆ. ಹೊಲದ ಯಜಮಾನರಿಗೆ ಸಿಟ್ಟೇ ಬಂತು. 'ಹಚ್ಚೇವ್ರಿ ಸಾಹೇಬ್ರ. ಹಾಳ್ಯಾಗ ಬರದಂಗ ಮಾಡೇವಿ, ಒಂದಕ್ಷರ ಬಿಟ್ಟಿಲ್ಲ. ನನ್ನ ಮಗಳು ಓದಿ ಹೇಳ್ಯಾಳ, ನಾ ಮಾಡೇನಿ.' ಪಿಯುಸಿ ಓದುವ ಮಗಳು. ಒಳಗೆ ಹೋಗಿ ಪುಸ್ತಕದ ನಡುವೆ ಮಡಚಿಟ್ಟಿದ್ದ ಕರಪತ್ರ ತಂದು ನನ್ನ ಕೈಗಿಟ್ಟಳು.

ನೋಡಿದೆ. ಮೇಲೆ ದಪ್ಪಕ್ಷರದಲ್ಲಿ ಶೀರ್ಷಿಕೆ. ಅದರ ಕೆಳಗೆ ಬೀಜೋಪಚಾರದ ಮಹತ್ವ, ಅರ್ಧ ಪುಟ. ಆಮೇಲೆ ಕ್ರಮಸಂಖ್ಯೆ ಹಾಕಿ ನಾಲ್ಕು ಸಾಲು: ಬೆಲ್ಲವನ್ನು ನೀರಿನಲ್ಲಿ ಕುದಿಸಿ, ಅದಕ್ಕೆ ರೈಜೋಬಿಯಂ ಬೆರೆಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ. ಎಲ್ಲ ಮುಗಿದ ಮೇಲೆ ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ 'ವಿಶೇಷ ಸೂಚನೆ'. ಏನದು? ಬೆಲ್ಲದ ನೀರು ಪೂರ್ತಿ ತಣ್ಣಗಾಗಿರಬೇಕಂತೆ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ರೈಜೋಬಿಯಂಗಿಂತ ಮೊದಲೇ ಹಚ್ಚಿರಬೇಕಂತೆ!

'ಆ ಸಾಲು ಓದೂದ್ರಾಗ ಬೀಜ ತಾಡಪತ್ರಿ ಮ್ಯಾಲೆ ಒಣಗಾಕ ಹಾಕಿದ್ವಿರಿ ಸರ' ಎಂದಳು ಹುಡುಗಿ. ಬಿಸಿ ಬೆಲ್ಲದ ನೀರಿಗೇ ರೈಜೋಬಿಯಂ ಸುರಿದಾಗಿತ್ತು. ತಂದಿಟ್ಟ ಶಿಲೀಂಧ್ರನಾಶಕದ ಪುಡಿಯನ್ನು ಚೆಲ್ಲುವುದೇಕೆ ಎಂದು ತಂದೆಯವರು ಅದನ್ನೂ ಅದೇ ಬೀಜಕ್ಕೆ ಮೇಲಿನಿಂದ ಹಚ್ಚಿದ್ದರು. ರೈಜೋಬಿಯಂ ಜೀವ ಇರುವ ವಸ್ತು. ಬಿಸಿಯಲ್ಲಿ ಸಾಯುತ್ತದೆ, ಉಳಿದದ್ದನ್ನು ರಾಸಾಯನಿಕ ಕೊಲ್ಲುತ್ತದೆ. ಹುಡುಗಿ ತಾನೇ ತಪ್ಪು ಓದಿದೆ ಎಂದುಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಅವಳು ಸರಿಯಾಗಿಯೇ ಓದಿದ್ದಳು. ತಂದೆ ಸರಿಯಾಗಿಯೇ ಮಾಡಿದ್ದರು. ಆ ಹಾಳೆಯಲ್ಲಿ ಸುಳ್ಳು ಮಾಹಿತಿ ಒಂದೂ ಇರಲಿಲ್ಲ. ಬರೆದ ಕ್ರಮವೇ ಬೆಳೆಗೆ ಹೊಡೆತ ಕೊಟ್ಟಿತ್ತು.

ಅಲ್ಲೇ ಕಟ್ಟೆಯ ಮೇಲೆ ಕುಳಿತು ಆ ಹಾಳೆಯ ಹಿಂಬದಿಯಲ್ಲಿ ಹುಡುಗಿಯ ಕೈಯಿಂದಲೇ ಮತ್ತೆ ಬರೆಸಿದೆ. ಹೇಗೆ ಬರೆದೆವು ಕೇಳಿ. ಒಂದು: ಹಿಂದಿನ ರಾತ್ರಿ ಬೆಲ್ಲವನ್ನು ನೀರಿನಲ್ಲಿ ಕುದಿಸಿ ಇಳಿಸಿಡಿ. ಎರಡು: ಬೆಳಿಗ್ಗೆ ನೆರಳಿನಲ್ಲಿ ತಾಡಪತ್ರಿ ಹಾಸಿ ಬೀಜ ಹರವಿ. ಮೂರು: ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಕೈಗವಸು ಹಾಕಿಕೊಂಡು ಈಗಲೇ ಹಚ್ಚಿ. ನಾಲ್ಕು: ಬೆಲ್ಲದ ನೀರಿನಲ್ಲಿ ಬೆರಳು ಅದ್ದಿ ನೋಡಿ, ಬೆಚ್ಚಗಿದ್ದರೆ ಕಾಯಿರಿ, ತಣ್ಣಗಿದ್ದರೆ ಬೀಜದ ಮೇಲೆ ಚಿಮುಕಿಸಿ. ಐದು: ರೈಜೋಬಿಯಂ ಪೊಟ್ಟಣ ಬಿಚ್ಚಿ ಬೀಜಕ್ಕೆಲ್ಲ ಹತ್ತುವಂತೆ ಸವರಿ. ಆರು: ಅಲ್ಲೇ ನೆರಳಿನಲ್ಲಿ ಆರಲು ಬಿಡಿ, ಅದೇ ದಿನ ಬಿತ್ತಿ. ಇಷ್ಟೇ ನೋಡಿ. 'ವಿಶೇಷ ಸೂಚನೆ' ಎಂಬುದೇ ಉಳಿಯಲಿಲ್ಲ. ಆ ಸೂಚನೆಯ ಎರಡು ಮಾತುಗಳೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕುಳಿತವು. ಎಚ್ಚರಿಕೆ ಯಾವ ಕೆಲಸದ್ದೋ ಆ ಕೆಲಸಕ್ಕಿಂತ ಮುಂಚೆ ಬರಬೇಕು. ಕೆಲಸ ಆದ ಮೇಲೆ ಕೊಟ್ಟ ಎಚ್ಚರಿಕೆ ಯಾರಿಗೆ ಬೇಕು?

ನನಗೆ ಕೊಟ್ಟ ಸಮಯದಲ್ಲಿ ಬಹುಪಾಲು ಇದಕ್ಕೇ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಮಣ್ಣಿನ ಮಾದರಿಯ ಹಾಳೆಗಳಲ್ಲೂ ಇದೇ ಕತೆ. ಮೇಲಿನ ಕಸಕಡ್ಡಿ ಸರಿಸಿ ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೆಗೆಯಿರಿ, 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ಕೆರೆಯಿರಿ, ಹಲವು ಕಡೆಯದನ್ನು ಕಲಸಿ ಅರ್ಧ ಕೆ.ಜಿ. ಉಳಿಸಿ, ಎಲ್ಲ ಸರಿ. ಗೊಬ್ಬರದ ಚೀಲದಲ್ಲಿ ತುಂಬಬೇಡಿ, ಬದುವಿನ ಹತ್ತಿರ, ಗಿಡದ ಬುಡದಲ್ಲಿ, ತಿಪ್ಪೆ ಇದ್ದ ಜಾಗದಲ್ಲಿ ಮಣ್ಣು ತೆಗೆಯಬೇಡಿ ಎನ್ನುವುದು ಮಾತ್ರ ಕಟ್ಟಕಡೆಗೆ. ಅಷ್ಟೊತ್ತಿಗೆ ರೈತ ಹಳೆಯ ಯೂರಿಯಾ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಸೇರಿರುತ್ತಾನೆ. 'ಮೊದಲು ಒಂದು ಸ್ವಚ್ಛ ಬಟ್ಟೆಯ ಚೀಲ ತೆಗೆದುಕೊಳ್ಳಿ' ಎಂಬುದು ಮೊದಲ ಸಾಲಾಗಲಿ. ಎಲ್ಲಿ ತೆಗೆಯಬಾರದು ಎಂಬುದು ಎರಡನೆಯದು. ಗುಂಡಿಯ ಮಾತು ಅದರ ನಂತರ.

ಅಳತೆಯನ್ನೂ ಕೈಯಲ್ಲಿರುವ ಸಾಮಾನಿಗೆ ತಕ್ಕಂತೆ ಕೊಡಿ. ಲೀಟರ್ ನೀರಿಗೆ 2 ಮಿ.ಲೀ. ಎಣ್ಣಿ ಎಂದು ಬರೆದು ಬಿಟ್ಟರೆ ಆಗಲಿಲ್ಲ. ಹೊಲದಲ್ಲಿ ಬೆನ್ನಿಗಿರುವುದು 16 ಲೀಟರಿನ ಪಂಪು. ಒಂದು ಪಂಪಿಗೆ 32 ಮಿ.ಲೀ. ಎಂದು ನೀವೇ ಲೆಕ್ಕ ಮಾಡಿ ಕೊಡಿ. ಹೆಕ್ಟೇರು ಬಿಡಿ, ಎಕರೆಗೆ ಎಷ್ಟು ಹೇಳಿ. ಎಣ್ಣಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದಲ್ಲ, ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ. ಮುಚ್ಚಳ ತೆರೆಯುವ ಮೊದಲು ಆ ಗುರುತು ನೋಡಿ ಎಂದು ಮುಚ್ಚಳದ ಸಾಲಿಗಿಂತ ಮೇಲೆ ಬರೆಯಿರಿ.

ಅಂಗನವಾಡಿಯ ತಾಯಂದಿರೇ, ಓ.ಆರ್.ಎಸ್. ಪೊಟ್ಟಣದ ವಿಷಯದಲ್ಲಿ ದಯವಿಟ್ಟು ಗಮನ ಕೊಡಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ. ನೀರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಆದ್ದರಿಂದ ಗೋಡೆಗೆ ಹಚ್ಚುವ ಹಾಳೆಯಲ್ಲಿ 'ಪೊಟ್ಟಣ ಬಿಚ್ಚಿ' ಎಂದು ಶುರು ಮಾಡಬೇಡಿ. ಪೊಟ್ಟಣದ ಮೇಲೆ ಎಷ್ಟು ನೀರೆಂದು ಓದಿ, ಅಷ್ಟು ಶುದ್ಧ ನೀರು ಅಳೆದಿಡಿ, ಆಮೇಲೆ ಬಿಚ್ಚಿ ಪೂರ್ತಿ ಹಾಕಿ. 24 ಗಂಟೆ ಕಳೆದರೆ ಚೆಲ್ಲಿ, ಹೊಸದು ಮಾಡಿ. ಮತ್ತೆ ಅದೇ ಮಾತು ಬಂತು ನೋಡಿ, ಕೈ ಆಡುವ ಕ್ರಮ.

ಬರೆದದ್ದು ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಮೇಲಧಿಕಾರಿಗಳ ಬಳಿ ಹೋಗಬೇಡಿ. ಅವರು ಕಾಗುಣಿತ ತಿದ್ದಿ ಸಹಿ ಮಾಡಿ ಕೊಡುತ್ತಾರೆ. ಆ ಕೆಲಸವನ್ನು ಹಿಂದೆಂದೂ ಮಾಡದ ಒಬ್ಬರ ಕೈಗೆ ಹಾಳೆ ಕೊಟ್ಟು, ಸಾಮಾನು ಮುಂದಿಟ್ಟು, ಜೋರಾಗಿ ಓದುತ್ತ ಮಾಡಿ ಎನ್ನಿ. ನೀವು ಪಕ್ಕದಲ್ಲಿ ಬಾಯಿ ಮುಚ್ಚಿ ನಿಲ್ಲಿ. ಹೇಳಿಕೊಡಬೇಕೆಂದು ಬಹಳ ಅನಿಸುತ್ತದೆ, ಹೇಳಬೇಡಿ. ಅವರ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಎಲ್ಲಿ ಅವರು 'ಅಯ್ಯ, ಇದನ್ನ ಮೊದಲ ಹೇಳಬೇಕಿತ್ತಲ್ರಿ' ಎನ್ನುತ್ತಾರೋ ಅಲ್ಲಿ ಪೆನ್ನು ತೆಗೆದು ಆ ಸಾಲನ್ನು ಮೇಲಕ್ಕೆ ಏರಿಸಿ. ಇಷ್ಟಾಗುವವರೆಗೆ ಹಾಳೆ ಅಚ್ಚಿಗೆ ಹೋಗದಿರಲಿ. ಗದಗ-ಬೆಟಗೇರಿಯಲ್ಲಿ ಪ್ರೆಸ್ಸುಗಳಿಗೇನು ಕೊರತೆಯಿಲ್ಲ, ಒಂದು ದಿನ ತಡವಾದರೂ ಅಚ್ಚು ಹಾಕಿ ಕೊಡುತ್ತಾರೆ. ನಮಸ್ಕಾರ.