ಅಂಗದ ಯಾಕೆ ಹಿಂದೆಮುಂದೆ ನೋಡಿದ?

ಎಲ್ಲರಿಗೂ ನಮಸ್ಕಾರ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಹನುಮಪ್ಪನಿಗೆ ಕೈ ಮುಗಿದು ಬರುವ ನಾವು, ನಮ್ಮದೇ ಕಿಷ್ಕಿಂಧೆಯವರ ಕಥೆಯಲ್ಲಿ ಒಂದು ಭಾಗ ಮರೆತೇಬಿಡುತ್ತೇವೆ. ಇವತ್ತು ಅದರ ಬಗ್ಗೆ ಮಾತಾಡೋಣ.

ಕಪಿಸೇನೆ ಸಮುದ್ರದ ದಡದಲ್ಲಿ ಕೂತಿದೆ. ಲಂಕೆಗೆ 100 ಯೋಜನ. ಯಾರು ಎಷ್ಟು ಹಾರಬಲ್ಲಿರಿ ಅಂತ ಕೇಳಿದರೆ ಗಜ 10 ಅನ್ನುತ್ತಾನೆ, ಗವಾಕ್ಷ 20. ವಯಸ್ಸಾದ ಜಾಂಬವಂತ 90. ಯುವರಾಜ ಅಂಗದ ಮಾತ್ರ 100 ಹಾರುತ್ತೇನೆ ಅನ್ನುತ್ತಾನೆ. ಆದರೆ ತಿರುಗಿ ಬರುವುದು ಖಾತ್ರಿ ಇಲ್ಲ ಅಂತಲೂ ಸೇರಿಸುತ್ತಾನೆ. ಸೇನೆಯ ನಾಯಕ ನೀನು, ನೀನು ಹೋಗಬಾರದು ಅಂತ ಜಾಂಬವಂತ ತಡೆಯುತ್ತಾನೆ, ಅದು ಬೇರೆ ಮಾತು. ನನ್ನ ಮನಸ್ಸು ನಿಲ್ಲುವುದು ಅಂಗದನ ಆ ಒಂದು ಅನುಮಾನದಲ್ಲಿ.

ನಮ್ಮಲ್ಲಿ ಬಹಳ ಜನ ನಿಂತಿರುವುದು ಅಲ್ಲೇ ಅಲ್ವಾ? ಕೈಯಲ್ಲಿ ಕಸುಬಿದೆ, ಮೈಯಲ್ಲಿ ಕಸುವಿದೆ. ಹೋದದ್ದು ವಾಪಸ್ ಬರುತ್ತಾ ಅನ್ನೋ ಚಿಂತೆಗೇ ಕಾಲು ಏಳುವುದಿಲ್ಲ.

ಹಾಗಂತ ದೇವರಿದ್ದಾನೆ ಬಿಡು ಅಂತ ಬಡ್ಡಿ ಸಾಲ ತಂದು ಅದ್ದೂರಿ ಮದುವೆ ಮಾಡುವುದನ್ನು ನಾನು ನಂಬಿಕೆ ಅನ್ನುವುದಿಲ್ಲ. ಹನುಮಂತನಿಗೂ ದೂರ ಎಷ್ಟು ಅಂತ ಗೊತ್ತಿತ್ತು. ಲೆಕ್ಕ ಹಾಕಲೇಬೇಕು. ಲೆಕ್ಕ ಮುಗಿದ ಮೇಲೂ ಸ್ವಲ್ಪ ಕತ್ತಲು ಉಳಿಯುತ್ತದೆ. ಅಷ್ಟನ್ನು ದೇವರ ಮೇಲೆ ಹಾಕಿ ಹೆಜ್ಜೆ ಇಡಬೇಕು.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರ ಎದೆ ಒಡೆದುಹೋಯಿತು. ಅಷ್ಟು ರಭಸದ ನೀರಲ್ಲಿ ಯಾರಾದರೂ ಏನು ಮಾಡಿಯಾರು ಅಂತ ಎಲ್ಲರೂ ಅಂದುಕೊಂಡಿದ್ದರು. ವಯಸ್ಸಾದ ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು ಹರಿಯುವ ನೀರಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗ ಮುಚ್ಚುವ ಉಕ್ಕಿನ ತುಂಡುಗಳನ್ನು, ಇಳಿಸಲು ಮುಂದಾದರು. ಒಂದು ವಾರದೊಳಗೆ ಮೊದಲ ತುಂಡು ಕೂತಿತು. ಆಮೇಲೆ ಮಳೆ ಬಂತು, ಡ್ಯಾಮ್ ಮತ್ತೆ ತುಂಬಿತು. ಉಕ್ಕಿನ ತುಂಡು ಇಳಿಸಿದ್ದು ಮನುಷ್ಯರು. ಮಳೆ ಯಾರ ಕೈಯಲ್ಲಿತ್ತು ಹೇಳಿ? ಆದರೆ ಆ ಗೇಟು ಮುಚ್ಚದೇ ಇದ್ದಿದ್ದರೆ ಬಂದ ಮಳೆಯೂ ಹರಿದೇ ಹೋಗುತ್ತಿತ್ತು.

ನಮ್ಮ ಓಣಿಯಲ್ಲೊಬ್ಬರು ಅಕ್ಕ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಗಂಗಾವತಿಯಲ್ಲಿ ಚಿಕ್ಕ ಖಾನಾವಳಿ ಹಾಕಿದರು. ಕೈಯಲ್ಲಿ ದುಡ್ಡಿಲ್ಲ, ಮಗ ಇನ್ನೂ ಶಾಲೆಯಲ್ಲಿ. ಊರೆಲ್ಲ ಬೇಡ ಅಂದಿತ್ತು. ಅವರು ಬಾಡಿಗೆ, ಜೋಳ, ಗ್ಯಾಸ್, ಎಲ್ಲದರ ಲೆಕ್ಕವನ್ನೂ ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿದ್ದರು. ಮೊದಲ ಮೂರು ತಿಂಗಳ ಬಾಡಿಗೆ ಮಾತ್ರ ಎಲ್ಲಿಂದಲೂ ಹೊಂದುತ್ತಿರಲಿಲ್ಲ. ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಮರುದಿನ ಬೆಳಗ್ಗೆ ಹಂಚು ಕಾಯಿಸಿದರು.

ಅವರಿಗೆ ಜಾಂಬವಂತನ ಹಾಗೆ ಬೆನ್ನು ತಟ್ಟಿದ್ದು ಅವರ ಅತ್ತೆ. ಹನುಮಂತನಿಗೂ ತನ್ನ ಶಕ್ತಿ ತಾನಾಗಿ ನೆನಪಾಗಲಿಲ್ಲ, ಇನ್ನೊಬ್ಬರು ಹೇಳಬೇಕಾಯಿತು. "ನಿನ್ನ ಕೈಯಾಗಿನ ರೊಟ್ಟಿ ತಿಂದಾಂವ ಮತ್ತ ಬಂದ ಬರ್ತಾನ. ಉಳಿದದ್ದು ಹುಲಿಗೆಮ್ಮ ನೋಡ್ಕೋತಾಳ, ನೀ ಒಲಿ ಹಚ್ಚು" ಅಂದರಂತೆ ಆ ಅಜ್ಜಿ.

ಸಾಲ ಇನ್ನೂ ಪೂರ್ತಿ ತೀರಿಲ್ಲ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಅಲ್ಲಿ ಕೂರಲು ಜಾಗ ಸಿಗುವುದಿಲ್ಲ.