ಸಂಜೆ ಆರೂವರೆಯ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಆಫೀಸು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಮನೆ ನವನಗರದಲ್ಲಿ. ಲಾರಿ, ಟೆಂಪೊಗಳ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ 16 ವರ್ಷದಿಂದ ಸೇಲ್ಸ್ ಕೆಲಸ ಮಾಡುತ್ತಿದ್ದೇನೆ. ಗದಗ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಕಡೆಯ ಅಂಗಡಿಗಳಿಗೆ ಮಾಲು ಕಳಿಸುವುದು, ಬಾಕಿ ವಸೂಲಿ ಮಾಡುವುದು ನನ್ನ ಪಾಲಿನ ಕೆಲಸ. ತಿಂಗಳು ಶುರುವಾದರೆ ಟಾರ್ಗೆಟ್, ಮುಗಿಯುತ್ತ ಬಂದರೂ ಟಾರ್ಗೆಟ್. ಇಂಥ ಕೆಲಸದಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸದ ಜೊತೆಗೆ ಕುಡಿತವೂ ನನಗೆ ಅಂಟಿಕೊಂಡಿತು. ಅದನ್ನು ಕಡಿಮೆ ಮಾಡಲು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಕುಡಿಯುವವರನ್ನು ಬೈಯಲು ನಾನು ಇಲ್ಲಿ ಕೂತಿಲ್ಲ. ಆಫೀಸು ಮುಗಿಸಿ ಮನೆ ಕಡೆ ಹೊರಟು, ನಡುವೆ ಎಲ್ಲಿ ನಿಲ್ಲಲಿ ಅಂತ ಯೋಚಿಸುತ್ತಿರುವವರು ಯಾರಾದರೂ ಕೇಳುತ್ತಿದ್ದರೆ, ಈ ಮಾತು ಅವರಿಗೆ.

ನನ್ನ ಕುಡಿತಕ್ಕೆ ಒಂದು ಹೊತ್ತು ಇತ್ತು. ಸಂಜೆ ಆರೂವರೆ. ಆಫೀಸಿನ ಷಟರ್ ಎಳೆದ ಸದ್ದು ಕಿವಿಗೆ ಬಿದ್ದರೆ ಸಾಕು, ಬಾಯಿ ಒಣಗುತ್ತಿತ್ತು. ವಿದ್ಯಾನಗರದ ಒಂದು ಓಣಿಯಲ್ಲಿ ದೋಸ್ತನ ಗೋಡೌನ್ ಇದೆ. ಅಲ್ಲಿ ಇನ್ನಿಬ್ಬರು ಬಂದಿರುತ್ತಿದ್ದರು. "ಬಾರಲೇ, ಒಂದ ತಾಸು ಕುಂತು ಹೋಗೂಣಂತ" ಅನ್ನುತ್ತಿದ್ದರು. ಆ ಒಂದು ತಾಸು ಎರಡಾಗುತ್ತಿತ್ತು. ಮಾತೆಲ್ಲ ಆಫೀಸಿನದೇ. ಯಾವ ಡೀಲರನ ಚೆಕ್ಕು ಬೌನ್ಸ್ ಆಯಿತು, ಯಾರ ಇನ್ಸೆಂಟಿವ್ ಹಿಡಿದರು, ಮ್ಯಾನೇಜರ್ ಯಾರಿಗೆ ಏನಂದರು. ಟೆನ್ಶನ್ ಮರೆಯಬೇಕು ಅಂತ ಕೂತವರು ಅದನ್ನೇ ಮತ್ತೆ ಬಡಿಸಿಕೊಂಡು ಉಣ್ಣುತ್ತಿದ್ದೆವು. ಆಮೇಲೆ ಅದೇ ಸ್ಥಿತಿಯಲ್ಲಿ ಬೈಕ್ ಹತ್ತಿ ಮನೆಗೆ ಹೋಗುತ್ತಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಲಕುತ್ತದೆ. ಮನೆ ಮುಟ್ಟುವ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂದಿರುತ್ತಿತ್ತು, ಇವತ್ತಿನ ಕಲೆಕ್ಷನ್ ಎಷ್ಟು ಅಂತ. ಅದನ್ನು ನೋಡಿದ ಮೇಲೆ ಮನೆಯಲ್ಲಿ ಇನ್ನೊಂದು ಪೆಗ್.

ಯಾರು ಕೇಳಿದರೂ ದಿನಕ್ಕೆ ಎರಡೇ ಪೆಗ್ ಅನ್ನುತ್ತಿದ್ದೆ. ಗೋಡೌನಿನಲ್ಲಿ ಒಂದು, ಮನೆಯಲ್ಲಿ ಒಂದು. ಬಿಪಿ ತೋರಿಸಲು ಹೋದಾಗ ಡಾಕ್ಟರಿಗೂ ಅದನ್ನೇ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ಅಳದು ಹಾಕ್ಕೋತೀರೋ, ಅಂದಾಜೋ?" ಅಂದರು. ನಾನು ಉತ್ತರ ಕೊಡಲಿಲ್ಲ.

ಆ ರಾತ್ರಿ ಅಡಿಗೆ ಮನೆಗೆ ಹೋದೆ. ಮಗಳ ಕೆಮ್ಮಿನ ಔಷಧಿಯ ಬಾಟ್ಲಿ ಮೇಲೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತದಲ್ಲ, 10 ಮಿಲಿಲೀಟರಿಗೆ ಗೆರೆ ಹಾಕಿರುತ್ತಾರೆ, ಅದನ್ನು ತೊಳೆದು ತೆಗೆದುಕೊಂಡೆ. ದಿನಾ ಹಾಕುವ ಹಾಗೆ ಸ್ಟೀಲ್ ಲೋಟಕ್ಕೆ ನನ್ನ ಒಂದು ಪೆಗ್ ಹಾಕಿದೆ. ಆಮೇಲೆ ಅದನ್ನು ಮುಚ್ಚಳದಲ್ಲಿ ಅಳೆದು ಅಳೆದು ಬಟ್ಟಲಿಗೆ ಸುರಿದೆ. ಪೆಗ್ ಅಂದರೆ 30 ಮಿಲಿಲೀಟರ್, ಮೂರು ಮುಚ್ಚಳಕ್ಕೆ ಮುಗಿಯಬೇಕಿತ್ತು. ನಾಲ್ಕಾಯಿತು. ಐದಾಯಿತು. ಏಳು ಮುಚ್ಚಳ ಆದ ಮೇಲೂ ಲೋಟದ ತಳದಲ್ಲಿ ಅರ್ಧ ಮುಚ್ಚಳದಷ್ಟು ಉಳಿದಿತ್ತು. 75 ಮಿಲಿಲೀಟರ್! ಹಾಗಾದರೆ ನನ್ನ ಎರಡು ಪೆಗ್ಗು ಎರಡಲ್ಲ, ಐದು. ಇಷ್ಟು ವರ್ಷ ನಾನು ಹೆಂಡತಿಗೆ ಸುಳ್ಳು ಹೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಕಡಿಮೆ ಮಾಡುವ ಮನಸ್ಸಿದ್ದರೆ ಮೊದಲು ಈ ಒಂದು ಕೆಲಸ ಮಾಡಿ. ಅಳೆಯಿರಿ. ಸಾಮಾನ್ಯವಾಗಿ ವಿಸ್ಕಿ, ರಮ್ ಬಾಟ್ಲಿ ಮೇಲೆ ಮದ್ಯಸಾರ ಶೇಕಡಾ 42.8 ಅಂತ ಬರೆದಿರುತ್ತದೆ. ಆ ಲೆಕ್ಕದಲ್ಲಿ 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ. ಕ್ವಾರ್ಟರ್ ಅಂದರೆ 180 ಮಿಲಿಲೀಟರ್, ಅದು ಆರು ಪೆಗ್. ಬಿಯರ್ ಏನೂ ಆಗುವುದಿಲ್ಲ ಅನ್ನುತ್ತಾರಲ್ಲ, 650 ಮಿಲಿಲೀಟರಿನ ಒಂದು ಸ್ಟ್ರಾಂಗ್ ಬಿಯರ್ ಹತ್ತಿರ ಹತ್ತಿರ ನಾಲ್ಕು ಪೆಗ್ಗಿಗೆ ಸಮ. ಒಂದು ಪೆಗ್ ಕರಗಿಸಲು ಲಿವರಿಗೆ ಸುಮಾರು ಒಂದು ತಾಸು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರ ಸ್ನಾನ, ಯಾವುದರಿಂದಲೂ ಅದು ಬೇಗ ಇಳಿಯುವುದಿಲ್ಲ.

ಈಗ ಟೆನ್ಶನ್ ವಿಷಯಕ್ಕೆ ಬರುತ್ತೇನೆ. ನನಗೆ ರಾತ್ರಿ ಮೂರಕ್ಕೆ ಎಚ್ಚರ ಆಗುತ್ತಿತ್ತು. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು, ಕುತ್ತಿಗೆ ಬೆವರುತ್ತಿತ್ತು. ಕತ್ತಲಲ್ಲಿ ಫ್ಯಾನು ನೋಡುತ್ತ ಮಲಗಿದರೆ ರಾಣೇಬೆನ್ನೂರಿನ ಬಾಕಿ, ಗದಗಿನ ಬಾಕಿ ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು. ಇದು ಕೆಲಸದ ಚಿಂತೆ, ಅದಕ್ಕೇ ಸಂಜೆ ಕುಡಿಯಬೇಕಾಗುತ್ತದೆ ಅಂತ ನಂಬಿದ್ದೆ. ಡಾಕ್ಟರು ಅದನ್ನು ತಿರುಗಿಸಿ ಹೇಳಿದರು. ಮದ್ಯ ಮೆದುಳನ್ನು ಒತ್ತಿ ಸುಮ್ಮನಾಗಿಸುತ್ತದೆ. ಮೆದುಳು ಸುಮ್ಮನೆ ಒತ್ತಿಸಿಕೊಂಡು ಕೂರುವುದಿಲ್ಲ, ತಾನೂ ಎದುರಿನಿಂದ ಜಗ್ಗುತ್ತಿರುತ್ತದೆ. ಹಗ್ಗ ಜಗ್ಗುವ ಆಟದಲ್ಲಿ ಒಂದು ಕಡೆಯವರು ಒಮ್ಮೆಲೇ ಕೈ ಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ಲ, ಹಾಗೆ. ನಡುರಾತ್ರಿ ದಾಟಿ ಮದ್ಯ ಇಳಿಯುತ್ತ ಬಂದಾಗ ನಿದ್ದೆ ಒಡೆಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬೆಳಿಗ್ಗೆ ಅರ್ಧ ನಿದ್ದೆಯಲ್ಲಿ ಆಫೀಸಿಗೆ ಹೋದವನಿಗೆ ಸಣ್ಣ ಮಾತೂ ಚುಚ್ಚುತ್ತದೆ. ಸಂಜೆ ಮತ್ತೆ ಗೋಡೌನು. ಕೆಲಸದ ಚಿಂತೆ ಅಂತ ನಾನು ಹೊತ್ತು ತಿರುಗುತ್ತಿದ್ದುದರಲ್ಲಿ ಅರ್ಧ ಈ ಬಾಟ್ಲಿಯಿಂದಲೇ ಬಂದದ್ದು. ಇದು ತಿಳಿದ ದಿನ ನನಗೆ ದುಃಖವೂ ಆಯಿತು, ಧೈರ್ಯವೂ ಬಂತು. ಕಂಪನಿಯ ಟಾರ್ಗೆಟ್ ನನ್ನ ಕೈಯಲ್ಲಿ ಇಲ್ಲ. ಇದು ಇದೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ದಯವಿಟ್ಟು ಗಮನ ಕೊಟ್ಟು ಕೇಳಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ಆ ನಡುಕ ನಿಲ್ಲಲು ಬೆಳಿಗ್ಗೆಯೇ ಕುಡಿಯುವವರು ಒಂದೇ ದಿನಕ್ಕೆ ಪೂರ್ತಿ ಬಿಡಬಾರದು. ಡಾಕ್ಟರನ್ನು ಕಂಡೇ ಬಿಡಬೇಕು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದ ಮೇಲೆ ಬಡಬಡಿಸುವುದು, ಇಲ್ಲದ್ದು ಕಾಣಿಸುವುದು ಶುರುವಾಗಬಹುದು. ಜೀವಕ್ಕೇ ಅಪಾಯ ಆಗಬಹುದು. ನಮ್ಮ ಗೋಡೌನಿನ ಗೆಳೆಯರಲ್ಲಿ ಒಬ್ಬ ದೇವರ ಮೇಲೆ ಆಣೆ ಮಾಡಿ ಒಂದು ಸೋಮವಾರ ಬಿಟ್ಟ. ಮಂಗಳವಾರ ರಾತ್ರಿ ಮನೆಯವರು ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಬದುಕಿಕೊಂಡ. ಅವನ ಮನಸ್ಸು ಗಟ್ಟಿಯಾಗಿಯೇ ಇತ್ತು, ಮೈಗೆ ಔಷಧಿ ಬೇಕಾಗಿತ್ತು ಅಷ್ಟೇ. ಇನ್ನೊಂದು ಮಾತು, ನಿದ್ದೆ ಬರುವುದಿಲ್ಲ ಅಂತ ಯಾರೋ ಕೊಟ್ಟ ನಿದ್ದೆ ಗುಳಿಗೆಯನ್ನು ಕುಡಿದ ಮೇಲೆ ನುಂಗಬೇಡಿ. ಎರಡೂ ಸೇರಿದರೆ ಉಸಿರಾಟವೇ ನಿಧಾನ ಆಗುತ್ತದೆ.

ನನಗೆ ಕೈ ನಡುಕ ಇರಲಿಲ್ಲ. ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬನ್ನಿ ಅಂದರು ಡಾಕ್ಟರು. ಹಾಗೆ ಮಾಡಲು ಹೋದಾಗ ಗೊತ್ತಾಯಿತು, ನಾನು ಗೆಲ್ಲಬೇಕಾದದ್ದು ಇಡೀ ದಿನವನ್ನಲ್ಲ. ಆರೂವರೆಯಿಂದ ಎಂಟರವರೆಗಿನ ಹೊತ್ತನ್ನು.

ಮೊದಲು ಹೊಟ್ಟೆ. ಮಧ್ಯಾಹ್ನ ಒಂದೂವರೆಗೆ ರೊಟ್ಟಿ ತಿಂದವನಿಗೆ ಆರೂವರೆಗೆ ಹಸಿವಾಗದೆ ಇರುತ್ತದೆಯೇ? ಆ ಹಸಿವನ್ನೇ ನಾನು ಕುಡಿಯುವ ಚಟ ಅಂದುಕೊಂಡ ದಿನಗಳೂ ಇವೆ. ಆಫೀಸಿನ ಎದುರಿಗೆ ಒಂದು ಗಿರಮಿಟ್ಟಿನ ಗಾಡಿ ನಿಲ್ಲುತ್ತದೆ. ಅವರು ಚುನಮುರಿಗೆ ಉಳ್ಳಾಗಡ್ಡಿ, ಹುಣಸೆಹುಳಿಯ ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ದೊಡ್ಡ ಬೋಗುಣಿಯಲ್ಲಿ ಎರಡೂ ಕೈಯಿಂದ ಕಲಸುತ್ತಾರೆ. ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿ ಪೇಪರಿನಲ್ಲಿ ಕೊಡುತ್ತಾರೆ. ಜೊತೆಗೆ ಒಂದು ಮಿರ್ಚಿ, ಒಂದು ಚಹಾ. ಇದನ್ನು ನಿಂತಲ್ಲೇ ತಿಂದು ಮುಗಿಸಿದ ಮೇಲೆ ಗೋಡೌನಿನ ಸೆಳೆತ ಅರ್ಧ ಇಳಿದಿರುತ್ತಿತ್ತು. ಸುಮ್ನೆ ಹೇಳುತ್ತಿಲ್ಲ, ಇದೊಂದೇ ನನ್ನನ್ನು ಎಷ್ಟೋ ಸಂಜೆ ಉಳಿಸಿದೆ.

ಆಮೇಲೆ ಬೈಕ್ ಮನೆಯಲ್ಲಿ ಬಿಟ್ಟೆ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹಿಡಿದೆ. ಬೈಕ್ ಇದ್ದರೆ ಎಲ್ಲಿ ಬೇಕಾದರೂ ನಿಲ್ಲಬಹುದು. ಚಿಗರಿ ರಸ್ತೆಯ ನಡುವೆ ತನ್ನದೇ ದಾರಿಯಲ್ಲಿ ಹೋಗುತ್ತದೆ, ನಾನು ಹೇಳಿದಲ್ಲಿ ನಿಲ್ಲುವುದಿಲ್ಲ. ವಿದ್ಯಾನಗರದಲ್ಲಿ ಆ ಓಣಿಯ ಬಾಯಿ ಕಿಟಕಿಯಿಂದ ಕಾಣುತ್ತಿತ್ತು. ಮೊದಲ ವಾರ ಅಲ್ಲಿ ಬಂದಾಗ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಿದ್ದೆ. ಉಣಕಲ್ಲಿನಲ್ಲಿ ಇಳಿದು ಕೆರೆ ದಂಡೆಯಲ್ಲಿ ಅರ್ಧ ತಾಸು ನಡೆದು, ಮತ್ತೆ ಮುಂದಿನ ಬಸ್ಸು. ಕುಡಿಯಬೇಕು ಅನ್ನುವ ತುಡಿತ ಬಂದರೆ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಏರಿ ಇಳಿಯುತ್ತದೆ ಅಂತ ಡಾಕ್ಟರು ಹೇಳಿದ್ದರು. ಅಡ್ಡಮಳೆ ಬಂದಾಗ ಯಾವುದೋ ಅಂಗಡಿಯ ಕಟ್ಟೆ ಹತ್ತಿ ನಿಲ್ಲುತ್ತೇವಲ್ಲ, ಮಳೆಯ ಜೊತೆ ಜಗಳ ಆಡುವುದಿಲ್ಲ. ನಾನು ಕೆರೆ ದಂಡೆಯಲ್ಲಿ ಹಾಗೆ ನಿಂತೆ.

ಮನೆಗೆ ಬೇಗ ಹೋದ ಮೊದಲ ದಿನ ಹೆಂಡತಿ ಬಾಗಿಲು ತೆಗೆದು, "ಯಾಕ್ರೀ, ಆರಾಮ ಇಲ್ಲೇನು?" ಅಂದಳು. ಅಷ್ಟು ವರ್ಷ ಆ ಹೊತ್ತಿಗೆ ಅವಳು ನನ್ನನ್ನು ನೋಡಿರಲಿಲ್ಲ.

ಅಡಿಗೆ ಮನೆಯಲ್ಲಿ ಅವಳು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ. ಅವಳು ಒಂದು ಲೀಟರ್, ಅರ್ಧ ಲೀಟರ್ ಅಂತ ಮೇಲೆ ಬರೆಯುತ್ತಾಳೆ. ಅದೇ ತಾರೀಖಿನ ಚೌಕದ ಕೆಳಗಿನ ಮೂಲೆಯಲ್ಲಿ ನಾನು ಪೆನ್ಸಿಲಿನಿಂದ ನನ್ನ ಲೆಕ್ಕ ಬರೆಯತೊಡಗಿದೆ, ಅಳೆದು ನೋಡಿದ ಲೆಕ್ಕ. ಮೊದಲ ತಿಂಗಳು ಕೂಡಿಸಿದಾಗ 96 ಪೆಗ್. ಮೂರನೆಯ ತಿಂಗಳು 41. ಸೊನ್ನೆ ಇರುವ ದಿನಗಳು ವಾರಕ್ಕೆ ಎರಡು, ಆಮೇಲೆ ನಾಲ್ಕು ಆದವು. ಸರಿಯಾಗಿ ನಿದ್ದೆ ಬರಲು ನನಗೆ ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಕುಡಿಯದೇ ಇದ್ದರೂ ಎಚ್ಚರ ಆಗುತ್ತಿತ್ತು. ಅದನ್ನು ನೋಡಿ ಕೈಬಿಡಬೇಡಿ.

ಆಫೀಸಿನ ಕಡೆಯೂ ಸ್ವಲ್ಪ ಸರಿಮಾಡಿಕೊಂಡೆ. ಹೊರಡುವ ಮೊದಲು ಆರು ಗಂಟೆಗೆ ಅವತ್ತಿನ ಕಲೆಕ್ಷನ್ ಲೆಕ್ಕ ನಾನೇ ಕಳಿಸಿಬಿಡುತ್ತೇನೆ. ನಾಳೆ ಯಾರಿಗೆ ಫೋನ್ ಮಾಡಬೇಕು ಅಂತ ಡೈರಿಯಲ್ಲಿ ಐದು ಸಾಲು ಬರೆದು ಮುಚ್ಚುತ್ತೇನೆ. ಮ್ಯಾನೇಜರಿಗೆ ನೇರವಾಗಿ ಹೇಳಿದೆ, "ಸರ್, ರಾತ್ರಿ ಎಂಟರ ಮೇಲೆ ಬಂದ ಮೆಸೇಜಿಗೆ ಬೆಳಿಗ್ಗೆ ಎಂಟೂವರೆಗೆ ಉತ್ತರ ಕೊಡ್ತೀನ್ರಿ." ಅವರ ಮುಖ ಸಪ್ಪಗಾಯಿತು. ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಎಲ್ಲರ ಕೆಲಸದಲ್ಲೂ ಹೀಗೆ ಹೇಳಲು ಬರುವುದಿಲ್ಲ, ಗೊತ್ತು. ರಾತ್ರಿ ಪಾಳಿ ಮಾಡುವವರು, ದಿನಗೂಲಿಯವರು ಯಾರಿಗೆ ಹೇಳಬೇಕು? ಮನುಷ್ಯರನ್ನು ಹೀಗೆ ಹಿಂಡುವ ಕೆಲಸ ಬದಲಾಗಬೇಕು ಅನ್ನುವುದು ನನ್ನ ಮಾತು. ಅದು ಬದಲಾಗುವವರೆಗೆ ನಮ್ಮ ಲಿವರ್ ಕಾಯುವುದಿಲ್ಲ.

ನಡುವೆ ಒಮ್ಮೆ ಬಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಜನ್. ಊರ ತುಂಬ ಲಾರಿ, ಬಿಡಿಭಾಗಕ್ಕೆ ಜೋರು ಬೇಡಿಕೆ. ಒಂದೇ ದಿನದಲ್ಲಿ ತಿಂಗಳ ಟಾರ್ಗೆಟ್ ಮುಗಿಯಿತು. ಅವತ್ತು ಟೆನ್ಶನ್ ಇರಲಿಲ್ಲ, ಖುಷಿ ಇತ್ತು. ರಾತ್ರಿ ಲಾಡ್ಜಿನಲ್ಲಿ ಡೀಲರ್ "ಇವತ್ತರ ತೊಗೋರಿ ಸರ್" ಅಂದರು, ತೆಗೆದುಕೊಂಡೆ. ಚಿಂತೆಗೆ ಮಾತ್ರ ಬೇಲಿ ಹಾಕಿದ್ದೆ, ಖುಷಿಗೆ ಹಾಕಿರಲಿಲ್ಲ. ಮರುದಿನ ಮನೆಗೆ ಬಂದು ಕ್ಯಾಲೆಂಡರಿನಲ್ಲಿ 7 ಅಂತ ಬರೆದೆ. ಬರೆಯುವಾಗ ಹೆಂಡತಿ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದಳು. ನೋಡಿದಳು. "ನಾಳಿಗೆ ಸೊನ್ನಿ ಬರೀರಿ" ಅಂದಳು, ಮತ್ತೆ ರೊಟ್ಟಿ ತಿರುವಿದಳು.

ಮನೆಯಲ್ಲಿ ಇದನ್ನು ಕೇಳುತ್ತಿರುವ ಅಕ್ಕಂದಿರಿಗೆ, ತಾಯಂದಿರಿಗೆ ಒಂದು ಮಾತು. ಗಂಡನೋ ಮಗನೋ ಕುಡಿದು ಬಂದ ರಾತ್ರಿ ಜಗಳ ಮಾಡಬೇಡಿ, ಆ ಹೊತ್ತಿನಲ್ಲಿ ಯಾವ ಮಾತೂ ಒಳಗೆ ಇಳಿಯುವುದಿಲ್ಲ. ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿ. ಆದರೆ ಕೈ ಎತ್ತುವವರ ಮನೆಯಲ್ಲಿ ನಿಮ್ಮ ಮತ್ತು ಮಕ್ಕಳ ರಕ್ಷಣೆ ಮೊದಲು, ಅಲ್ಲಿ ತಾಳ್ಮೆಯ ಮಾತು ನಾನು ಹೇಳುವುದಿಲ್ಲ.

ಕಡಿಮೆ ಮಾಡುವುದು ಎಲ್ಲರಿಗೂ ಆಗುವುದಿಲ್ಲ. ಕೆಲವರಿಗೆ ಒಂದು ಪೆಗ್ ಅಂದರೆ ಪೂರ್ತಿ ಬಾಟ್ಲಿಯೇ. ಅಂಥವರು ಪೂರ್ತಿ ಬಿಡುವುದೇ ದಾರಿ, ಅದಕ್ಕೆ ಚಿಕಿತ್ಸೆ ಇದೆ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಅಂದರೆ ಜನ ಈಗಲೂ ಹಿಂದೆ ಸರಿಯುತ್ತಾರೆ, ಯಾರಾದರೂ ನೋಡಿಬಿಟ್ಟರೆ ಅಂತ. ನಾನೂ ಗೇಟಿನ ತನಕ ಹೋಗಿ ಒಮ್ಮೆ ವಾಪಸ್ ಬಂದಿದ್ದೆ. ಎರಡನೆಯ ಸಲ ಒಳಗೆ ಹೋದಾಗ ಬೆಂಚಿನ ಮೇಲೆ ಕೂತಿದ್ದವರು ನನ್ನಂಥವರೇ. ಒಬ್ಬರ ಕೈಯಲ್ಲಿ ಊಟದ ಡಬ್ಬಿ ಇತ್ತು, ಅಲ್ಲಿಂದ ನೇರ ಕೆಲಸಕ್ಕೆ ಹೋಗುವವರು.

ಅಷ್ಟು ದೂರ ಹೋಗಲು ಇನ್ನೂ ಮನಸ್ಸು ಆಗದಿದ್ದರೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ರಾತ್ರಿ ಮೂರಕ್ಕೆ ಎದೆ ಹೊಡೆದುಕೊಳ್ಳುವಾಗಲೂ ಮಾಡಬಹುದು. ನಂಬರ್ 14416. ಪೆನ್ನು ಹುಡುಕುತ್ತಿದ್ದರೆ ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.