ಬಿಸಿಲಿಗೆ ಬರ ಇಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಸ್ವಲ್ಪ ಲೆಕ್ಕದ ಮಾತು, ಆದ್ರೆ ಹೆದರ್ಬೇಡಿ, ಕರೆಂಟ್ ಬಿಲ್ ನೋಡಿ ಯೂನಿಟ್ ಎಷ್ಟಾಯ್ತು ಅಂತ ಕೇಳೋರಿಗೆಲ್ಲ ಅರ್ಥ ಆಗೋ ಲೆಕ್ಕನೇ ಇದು.

ಭೂಮಿ ಮೇಲಿರೋ 800 ಕೋಟಿ ಜನ ಬಳಸೋ ಅಡುಗೆ ಗ್ಯಾಸು, ಪೆಟ್ರೋಲು, ಡೀಸೆಲ್ಲು, ಕಲ್ಲಿದ್ದಲು, ಕರೆಂಟು, ಸೌದೆ, ಎಲ್ಲಾ ಒಟ್ಟು ಹಾಕಿದ್ರೆ ಸರಾಸರಿ ಹೆಚ್ಚುಕಮ್ಮಿ 2 ಕೋಟಿ ಮೆಗಾವ್ಯಾಟ್ ಆಗುತ್ತೆ, ಒಂದು ಮೆಗಾವ್ಯಾಟ್ ಅಂದ್ರೆ ಹತ್ತು ಲಕ್ಷ ವ್ಯಾಟ್. ಶಕ್ತಿನಗರದಲ್ಲಿರೋ ರಾಯಚೂರು ಥರ್ಮಲ್ ಸ್ಟೇಷನ್ ಸಾಮರ್ಥ್ಯ 1720 ಮೆಗಾವ್ಯಾಟ್, ಅಂಥವು ಹನ್ನೊಂದು ಸಾವಿರಕ್ಕೂ ಜಾಸ್ತಿ ಇಟ್ಕೊಂಡು ಹಗಲೂ ರಾತ್ರಿ ನಿಲ್ಲಿಸದೆ ಓಡಿಸಿದ ಹಾಗೆ. ತಲೆಗೆ ಹಂಚಿದ್ರೆ ಒಬ್ಬೊಬ್ಬರಿಗೆ 2500 ವ್ಯಾಟ್ ಬರುತ್ತೆ. ಅನ್ನ, ಮುದ್ದೆ, ರೊಟ್ಟಿ ತಿಂದು ನಮ್ಮ ಮೈ ನಡೆಯೋದು ಬರೀ 100 ವ್ಯಾಟ್‌ನಲ್ಲಿ. ಅಂದ್ರೆ ಮೈಗೆ ಬೇಕಾದ್ದರ 25 ಪಟ್ಟು ಶಕ್ತಿನ ನಾವು ಹೊರಗಡೆ ಉರಿಸ್ತಾ ಇದ್ದೀವಿ, ಅದೂ ಸರಾಸರಿ, ಶ್ರೀಮಂತ ದೇಶದವರದ್ದು ಇದಕ್ಕಿಂತ ಎಷ್ಟೋ ಜಾಸ್ತಿ, ಬಡವರದ್ದು ಎಷ್ಟೋ ಕಮ್ಮಿ.

ಈಗ ಸೂರ್ಯನ ಕಡೆ ಬನ್ನಿ. ವಾತಾವರಣದ ಮೇಲ್ಗಡೆ, ಬಿಸಿಲಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರ್ ಜಾಗಕ್ಕೆ 1361 ವ್ಯಾಟ್ ಬೀಳುತ್ತೆ. ಇಡೀ ಭೂಮಿಗೆ ಲೆಕ್ಕ ಹಾಕಿದ್ರೆ ಸುಮಾರು 17,400 ಕೋಟಿ ಮೆಗಾವ್ಯಾಟ್! ನಾವು ಬಳಸೋದು 2 ಕೋಟಿ, ಬರ್ತಿರೋದು 17,400 ಕೋಟಿ. ಮನುಷ್ಯಕುಲ ಒಂದು ವರ್ಷ ಪೂರ್ತಿ ಖರ್ಚು ಮಾಡೋ ಶಕ್ತಿ ಸೂರ್ಯನಿಂದ ಒಂದು ಗಂಟೆ ಚಿಲ್ಲರೆಯಲ್ಲಿ ಬಂದುಬಿಡುತ್ತೆ. ಅದರಲ್ಲಿ ನೂರಕ್ಕೆ 30 ಪಾಲು ಮೋಡ, ಹಿಮ, ಮರಳಿಗೆಲ್ಲ ತಾಗಿ ವಾಪಸ್ ಹೋಗುತ್ತೆ, ಇನ್ನೊಂದಿಷ್ಟನ್ನ ಗಾಳಿನೇ ಹೀರ್ಕೊಳ್ಳುತ್ತೆ, ನೆಲಕ್ಕೂ ಸಮುದ್ರಕ್ಕೂ ಸೇರೋದು ಅರ್ಧದಷ್ಟು. ಸಮುದ್ರನೂ ಬಿಟ್ಟು ಬರೀ ನೆಲದ ಮೇಲೆ ಬೀಳೋದನ್ನ ಹಿಡಿದ್ರೂ ನಮ್ಮ ಬಳಕೆಯ ಸಾವಿರ ಪಟ್ಟು ಮೀರುತ್ತೆ.

ಕೋಟಿ ಕೋಟಿ ಅಂದ್ರೆ ಮನಸ್ಸಿಗೆ ಇಳಿಯಲ್ಲ, ಒಂದು 30-40 ಸೈಟ್ ತಗೊಳ್ಳಿ. ಸಾವಿರ ವ್ಯಾಟ್ ಒಂದು ಗಂಟೆ ನಡೆದ್ರೆ ಒಂದು ಯೂನಿಟ್. ನಮ್ಮ ರಾಜ್ಯದಲ್ಲಿ ಒಂದು ಚದರ ಮೀಟರ್ ನೆಲಕ್ಕೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಐದೂವರೆ ಯೂನಿಟ್ ಹತ್ತಿರ ಬಿಸಿಲು ಬೀಳುತ್ತೆ, ಆ ಲೆಕ್ಕದಲ್ಲಿ 30-40 ಸೈಟಿಗೆ ದಿನಕ್ಕೆ 600 ಯೂನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಫ್ರೀ ಕೊಡೋ ಮಿತಿ ತಿಂಗಳಿಗೆ 200 ಯೂನಿಟ್ ಅಲ್ವಾ, ಅಂದ್ರೆ ಮೂರು ತಿಂಗಳ ಕೋಟಾ ಒಂದೇ ದಿನ ನಮ್ಮ ತಾರಸಿ ಮೇಲೆ ಬಿದ್ದು ಹೋಗ್ತಾ ಇದೆ.

ಹಾಗಂತ ಬಿಸಿಲೆಲ್ಲ ದಂಡ ಆಗ್ತಿದೆ ಅಂತ ತಿಳ್ಕೋಬೇಡಿ. ಭೂಮಿಗೆ ಬರೋ ಬಿಸಿಲಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ ನೀರನ್ನ ಆವಿ ಮಾಡೋದಕ್ಕೇ ಹೋಗುತ್ತೆ, ಆ ಆವಿನೇ ಮಳೆಯಾಗಿ ಮಲೆನಾಡಿಗೆ ಬಂದು ಲಿಂಗನಮಕ್ಕಿ ತುಂಬಿಸೋದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತಲ್ಲ, ಅದೂ ಮೂಲದಲ್ಲಿ ಬಿಸಿಲೇ. ಗಾಳಿ ಬೀಸೋದೂ ಬಿಸಿಲಿಂದ, ಕಲ್ಲಿದ್ದಲು ಅಂತೂ ಕೋಟ್ಯಂತರ ವರ್ಷದ ಹಿಂದೆ ಗಿಡಮರ ಹಿಡಿದಿಟ್ಟ ಬಿಸಿಲು, ಅದನ್ನ ನಾವು ಇನ್ನೂರು ಮುನ್ನೂರು ವರ್ಷದಲ್ಲಿ ಖಾಲಿ ಮಾಡೋಕೆ ಹೊರಟಿದ್ದೀವಿ, ನನಗೆ ಸಂಕಟ ಆಗೋದು ಇದಕ್ಕೇ. ಅದೂ ಬಾಯ್ಲರ್‌ನಲ್ಲಿ ಉರಿಸಿದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಕರೆಂಟ್ ಆಗೋದು, ಮಿಕ್ಕಿದ್ದು ಬಿಸಿ ಗಾಳಿ, ಬಿಸಿ ನೀರು.

ಇಷ್ಟೊಂದು ಬಿಸಿಲು ಇದ್ಮೇಲೆ ಕಷ್ಟ ಎಲ್ಲಿದೆ? ಹಿಡಿಯೋದರಲ್ಲಿ ಮತ್ತೆ ಇಟ್ಕೊಳ್ಳೋದರಲ್ಲಿ. ಇದಕ್ಕೆ ಪಾವಗಡ ನೋಡಬೇಕು. ತುಮಕೂರು ಜಿಲ್ಲೆಯ ಬರದ ಸೀಮೆ, ಮಳೆ ನಂಬ್ಕೊಂಡು ಕಡ್ಲೆಕಾಯಿ ಹಾಕಿ ಕೈ ಸುಟ್ಕೊಂಡ ರೈತರ ಊರುಗಳು. ಅಲ್ಲಿ ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂತು, 2018ರಲ್ಲಿ ಶುರುವಾಗಿ 2019ರ ಕೊನೆಗೆ ಪೂರ್ತಿ ಆಯ್ತು. ಅದರ ವಿಶೇಷ ಅಂದ್ರೆ ಜಮೀನನ್ನ ಕೊಂಡ್ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆಗೆ ತಗೊಂಡ್ರು, ಎರಡು ವರ್ಷಕ್ಕೊಮ್ಮೆ ಅದು ಏರುತ್ತೆ, ಪಹಣಿ ರೈತನ ಹೆಸರಲ್ಲೇ ಉಳೀತು. ಇದು ಒಳ್ಳೇ ಕೆಲಸ, ಮನಸಾರೆ ಹೇಳ್ತೀನಿ. ಆದ್ರೆ ಜಮೀನೇ ಇಲ್ಲದ ಕೂಲಿಯವರಿಗೆ ಗುತ್ತಿಗೆ ಹಣ ಎಲ್ಲಿಂದ ಬರಬೇಕು? ಕಳೆ ಕೀಳೋ ಕೆಲಸ, ಕಾಯಿ ಬಿಡಿಸೋ ಕೆಲಸ ಹೋಯ್ತು, ಕುರಿ ಮೇಯಿಸೋರಿಗೆ ಬೇಲಿ ಅಡ್ಡ ಬಂತು. ಬಿಸಿಲು ಪುಕ್ಕಟೆ, ಬಿಸಿಲು ಬೀಳೋ ನೆಲ ಪುಕ್ಕಟೆ ಅಲ್ಲ, ಮುಂದೆ ಎಲ್ಲೇ ಪಾರ್ಕ್ ಮಾಡಿದ್ರೂ ಆ ನೆಲ ನಂಬಿದೋರನ್ನೆಲ್ಲ ಲೆಕ್ಕಕ್ಕೆ ತಗೋಬೇಕು.

ಪಾವಗಡದ್ದೇ ಇನ್ನೊಂದು ಲೆಕ್ಕ ಇದೆ, ಒರಟು ಅಂದಾಜು, ನಾನೇ ಹಾಕಿದ್ದು. ಆ 13,000 ಎಕರೆ ಮೇಲೆ ದಿನಕ್ಕೆ 28 ಕೋಟಿ ಯೂನಿಟ್ ಬಿಸಿಲು ಬೀಳುತ್ತೆ, ಅದರಲ್ಲಿ ಕರೆಂಟಾಗಿ ತಂತಿಗೆ ಹೋಗೋದು ಒಂದು ಕೋಟಿ ಯೂನಿಟ್ ಆಸುಪಾಸು. ನೂರಕ್ಕೆ ನಾಲ್ಕು! ಪ್ಯಾನಲ್ ತನ್ನ ಮೇಲೆ ಬಿದ್ದ ಬಿಸಿಲಲ್ಲಿ ನೂರಕ್ಕೆ 15ರಿಂದ 20 ಪಾಲನ್ನ ಕರೆಂಟ್ ಮಾಡುತ್ತೆ, ಆದ್ರೆ ಒಂದು ಸಾಲಿನ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ ನಡುವೆ ಜಾಗ ಬಿಡಬೇಕು, ರಸ್ತೆ ಬೇಕು, ಸಬ್‌ಸ್ಟೇಷನ್ ಬೇಕು, ಧೂಳು ಕೂತ್ರೆ ಒರೆಸ್ಬೇಕು, ಬಿಸಿ ಜಾಸ್ತಿಯಾದ್ರೂ ಪ್ಯಾನಲ್ ಉತ್ಪಾದನೆ ಇಳಿಯುತ್ತೆ. ಹಾಗಿದ್ರೂ ಬೆಳೆಗಳು ಬಿಸಿಲಲ್ಲಿ ಹಿಡಿಯೋದು ನೂರಕ್ಕೆ ಒಂದರ ಆಸುಪಾಸು ಅಂತ ನೆನೆದ್ರೆ ಈ ನಾಲ್ಕು ಕಮ್ಮಿ ಏನಲ್ಲ.

ಇನ್ನು ಇಟ್ಕೊಳ್ಳೋ ಮಾತು. ಮಧ್ಯಾಹ್ನ ಕರೆಂಟ್ ಸುರಿಯುತ್ತೆ, ಸಂಜೆ ಆರೂವರೆಗೆ ಎಲ್ಲಾ ಮನೆಯಲ್ಲೂ ಲೈಟು, ಟಿವಿ, ಮಿಕ್ಸಿ ಶುರುವಾಗೋ ಹೊತ್ತಿಗೆ ಸೂರ್ಯ ಇಲ್ಲ. ಬ್ಯಾಟರಿ ಒಂದು ದಾರಿ. ಇನ್ನೊಂದು, ಹಗಲು ನೀರನ್ನ ಮೇಲಕ್ಕೆ ಪಂಪ್ ಮಾಡಿ ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯೋದು, ಶರಾವತಿಯಲ್ಲಿ ತಲಕಳಲೆ ಮತ್ತೆ ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಅಂಥದ್ದೇ ಯೋಜನೆ ಹಾಕಿದ್ದಾರೆ. ಅದು ಸಿಂಗಳೀಕ ಇರೋ ಕಾಡು, ಅಲ್ಲಿ ಮರ ಹೋಗುತ್ತೆ ಅಂತ ಜನ ವಿರೋಧ ಮಾಡ್ತಿದ್ದಾರೆ, ಅವರ ಮಾತನ್ನ ತಳ್ಳಿ ಹಾಕೋಕೆ ನನ್ನಿಂದ ಆಗಲ್ಲ.

ನನ್ನ ಪ್ರಕಾರ ಅದಕ್ಕಿಂತ ಮುಂಚೆ ಆಗಬೇಕಾದ್ದು ಒಂದಿದೆ, ಬಿಸಿಲಿದ್ದಾಗ ಮಾಡಬಹುದಾದ ಕೆಲಸನ ಬಿಸಿಲಿದ್ದಾಗಲೇ ಮಾಡೋದು. ರಾಜ್ಯದಲ್ಲಿ 30 ಲಕ್ಷಕ್ಕೂ ಜಾಸ್ತಿ ನೀರಾವರಿ ಪಂಪ್‌ಸೆಟ್ ಇವೆ. ಎಷ್ಟೋ ಕಡೆ ತ್ರೀಫೇಸ್ ರಾತ್ರಿ ಕೊಟ್ಟು, ರೈತ ಸರಿರಾತ್ರಿ ಟಾರ್ಚ್ ಹಿಡ್ಕೊಂಡು ಹಾವಿಗೆ, ಆನೆ ಕಡೆ ಆನೆಗೆ ಹೆದರ್ಕೊಂಡು ಮೋಟ್ರು ಆನ್ ಮಾಡೋಕೆ ಹೋಗಬೇಕು. ಆ ನೀರಿಗೆ ಬ್ಯಾಟರಿ ಬೇಕಿಲ್ಲ, ಕಾಡು ಕಡಿಯೋದು ಬೇಕಿಲ್ಲ, ಸಬ್‌ಸ್ಟೇಷನ್ ಪಕ್ಕದಲ್ಲೇ ಪ್ಯಾನಲ್ ಹಾಕಿ ಪಂಪಿಗೆ ಕರೆಂಟ್ ಒಯ್ಯೋ ಲೈನಿಗೆ, ಅಂದ್ರೆ ಫೀಡರ್‌ಗೆ ಹಗಲೇ ಕೊಡಬಹುದು, ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ ಇದಕ್ಕೆ ದಾರಿ ಇದೆ. ನಿಮ್ಮೂರಿನ ಫೀಡರ್ ಅದಕ್ಕೆ ಸೇರಿದೆಯಾ, ಸೇರದಿದ್ರೆ ಯಾವಾಗ ಸೇರಿಸ್ತೀರಿ ಅಂತ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ ಕೇಳಿ, ಒಬ್ಬರೇ ಹೋಗ್ಬೇಡಿ, ನಾಲ್ಕು ಜನ ಸೇರ್ಕೊಂಡು ಹೋಗಿ ಕೇಳಿ. ನಮಸ್ಕಾರ.